ಒಂದು ಕೊಳವೆ, ಎರಡು ಕಣ್ಣು: ಬೈನೋವ್ಯೂಯರ್ ಕೊಳ್ಳುವ ಮೊದಲು

ಈ ಚಳಿಗಾಲದಲ್ಲಿ ನನಗೆ ಬಂದ ಮೂರು ಪತ್ರಗಳು ಒಂದೇ ಪ್ರಶ್ನೆಯನ್ನು ಹೊತ್ತು ತಂದವು. ತುಮಕೂರಿನ ಶಿಕ್ಷಕರೊಬ್ಬರ ಬಳಿ ಎಂಟು ಇಂಚಿನ ಡಾಬ್ಸೋನಿಯನ್, ಅಂದರೆ ಸರಳ ಪೀಠದ ಮೇಲೆ ಕೂರುವ ಕನ್ನಡಿ ದೂರದರ್ಶಕವಿದೆ. ಬೆಂಗಳೂರಿನ ಇಂಜಿನಿಯರ್ ಒಬ್ಬರು ಮನೆಯ ತಾರಸಿಯಿಂದ 127 ಮಿ.ಮೀ. ಮ್ಯಾಕ್ಸುಟೋವ್‌ನಲ್ಲಿ (ಮಸೂರ, ಕನ್ನಡಿ ಎರಡೂ ಇರುವ ಗಿಡ್ಡ ದೂರದರ್ಶಕ) ಗ್ರಹಗಳನ್ನು ನೋಡುತ್ತಾರೆ. ಮೂರನೆಯವರು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ತೋಟದ ಮನೆಯಲ್ಲಿದ್ದಾರೆ. ಅವರಿಗೆ ಒಳ್ಳೆಯ ಕತ್ತಲಿದೆ, ಚಿಕ್ಕದೊಂದು 80 ಮಿ.ಮೀ. ರಿಫ್ರಾಕ್ಟರ್, ಅಂದರೆ ಮಸೂರದ ದೂರದರ್ಶಕ ಇದೆ. ಮೂವರೂ ಒಂದಿಷ್ಟು ಹಣ ಕೂಡಿಟ್ಟಿದ್ದಾರೆ. ಬೈನೋವ್ಯೂಯರ್ ಕೊಳ್ಳುವುದೇ, ಅದೇ ಹಣಕ್ಕೆ ಒಂದು ಉತ್ತಮ ಐಪೀಸ್ (ಕಣ್ಣಿಡುವ ತುದಿಯ ಮಸೂರ) ಕೊಳ್ಳುವುದೇ, ಅಥವಾ ದೊಡ್ಡ ದುರ್ಬೀನನ್ನು ತಂದು ಸ್ಟ್ಯಾಂಡಿನ ಮೇಲೆ ಕೂರಿಸುವುದೇ ಎಂದು ತೋಚದೆ ಬರೆದಿದ್ದಾರೆ. ಮೂವರಿಗೂ ಒಂದೇ ಉತ್ತರ ಕೊಡಲು ಸಾಧ್ಯವಿಲ್ಲ. ಏಕೆ ಸಾಧ್ಯವಿಲ್ಲ ಎಂಬುದು ಅರ್ಥವಾದರೆ ನಿಮ್ಮ ಉತ್ತರ ನಿಮಗೇ ಸಿಗುತ್ತದೆ. ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಬೈನೋವ್ಯೂಯರ್ ಎಂದರೆ ಐಪೀಸ್ ಕೂರುವ ಜಾಗದಲ್ಲಿ ಸಿಕ್ಕಿಸುವ ಒಂದು ಪುಟ್ಟ ಪೆಟ್ಟಿಗೆ. ಒಳಗಿನ ಪ್ರಿಸಂ ಬರುವ ಬೆಳಕನ್ನು ಅರ್ಧರ್ಧ ಸೀಳಿ ಎರಡು ಐಪೀಸ್‌ಗಳಿಗೆ ಕಳುಹಿಸುತ್ತದೆ. ದುರ್ಬೀನಿನಲ್ಲಿ ಎರಡು ಮಸೂರಗಳು ಬೆಳಕು ಕೂಡಿಸಿದರೆ ಇಲ್ಲಿ ಒಂದೇ ಕನ್ನಡಿ ಅಥವಾ ಒಂದೇ ಮಸೂರ ಕೂಡಿಸಿದ ಬೆಳಕನ್ನು ಎರಡು ಕಣ್ಣುಗಳು ಹಂಚಿಕೊಳ್ಳುತ್ತವೆ. ಎರಡು ಕಣ್ಣಿನಿಂದ ನೋಡುವ ಆಸೆ ದೂರದರ್ಶಕದಷ್ಟೇ ಹಳೆಯದು: 1608ರಲ್ಲಿ ಹ್ಯಾನ್ಸ್ ಲಿಪ್ಪರ್‌ಶೇ ತನ್ನ ಉಪಕರಣವನ್ನು ನೆದರ್ಲೆಂಡ್ಸ್‌ನ ಆಡಳಿತಗಾರರ ಮುಂದಿಟ್ಟಾಗ, ಎರಡೂ ಕಣ್ಣಿಗೆ ಆಗುವಂಥದ್ದನ್ನು ಮಾಡಿಕೊಡು ಎಂದು ಅವರು ಕೇಳಿದ್ದರು.

ಸಿಗುವ ಲಾಭವೇನು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಶುಕ್ಲಪಕ್ಷದ ನವಮಿ ಅಥವಾ ದಶಮಿಯ ರಾತ್ರಿ ಚಂದ್ರನ ದಕ್ಷಿಣದತ್ತ ತಿರುಗಿದರೆ, ಬೆಳಕು-ಕತ್ತಲಿನ ಗಡಿಯಲ್ಲಿ ಕ್ಲೇವಿಯಸ್ ಎಂಬ ದೊಡ್ಡ ಕುಳಿ ಸಿಗುತ್ತದೆ. ಇನ್ನೂರು ಕಿಲೋಮೀಟರಿಗಿಂತ ಅಗಲ. ಅದರ ನೆಲದ ಮೇಲೆ ಬಿಲ್ಲಿನಂತೆ ಬಾಗಿದ ಒಂದು ಸಾಲು ಕುಳಿಗಳು, ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತ ಹೋಗುತ್ತವೆ. ಒಂದೇ ಕಣ್ಣಿನಲ್ಲಿ ಅದು ಸೊಗಸಾದ ಚಿತ್ರ. ಬೈನೋವ್ಯೂಯರ್ ಹಾಕಿ, ಎರಡು ಐಪೀಸ್‌ಗಳ ನಡುವಿನ ಅಂತರವನ್ನು ನಿಧಾನವಾಗಿ ಕಿರಿದು ಮಾಡುತ್ತ ಹೋಗಿ. ಎರಡು ವೃತ್ತಗಳು ಒಂದರ ಮೇಲೊಂದು ಸರಿಯುತ್ತವೆ, ಅಂಚುಗಳು ಹೊಂದುತ್ತವೆ, ಒಂದು ಕ್ಷಣ ಎಲ್ಲವೂ ಕಲಕಿದಂತಾಗಿ ಥಟ್ಟನೆ ಒಂದಾಗುತ್ತದೆ. ಆಗ ಕುಳಿಯ ಗೋಡೆ ನಿಮ್ಮ ಕಡೆಗೆ ಎದ್ದು ನಿಂತಂತೆ, ನೆಲ ಹಿಂದಕ್ಕೆ ಇಳಿದಂತೆ ಕಾಣುತ್ತದೆ. ಈ ಆಳ ನಿಜವಾದ ಆಳವಲ್ಲ. ಎರಡೂ ಕಣ್ಣಿಗೆ ಬೀಳುವುದು ಒಂದೇ ಚಿತ್ರದ ಎರಡು ಪ್ರತಿಗಳು. ಎರಡು ಕಣ್ಣಿನ ಸುದ್ದಿ ಬಂದೊಡನೆ ಮಿದುಳು ತನ್ನ ಅಭ್ಯಾಸದಂತೆ ಆಳವನ್ನು ಕಟ್ಟಿಕೊಳ್ಳುತ್ತದೆ. ಅದು ಗೊತ್ತಿದ್ದೂ ನಾನು ಪ್ರತಿ ಸಲ ಉಸಿರು ಹಿಡಿಯುತ್ತೇನೆ.

ಇನ್ನೊಂದು ಲಾಭ ಅಷ್ಟು ಬೆರಗಿನದಲ್ಲ, ಆದರೆ ನನ್ನ ಮಟ್ಟಿಗೆ ಹೆಚ್ಚು ಬೆಲೆಯುಳ್ಳದ್ದು. ಹೆಚ್ಚಿನ ವರ್ಧನೆಯಲ್ಲಿ ಐಪೀಸ್‌ನಿಂದ ಹೊರಬರುವ ಬೆಳಕಿನ ಕಂತೆ ಒಂದು ಮಿಲಿಮೀಟರಿಗೂ ತೆಳುವಾದಾಗ, ನಮ್ಮ ಕಣ್ಣೊಳಗೇ ತೇಲುವ ಎಳೆಗಳು ಗುರುಗ್ರಹದ ಮೇಲೆ ಕೊಳೆಯ ಹಾಗೆ ಅಡ್ಡಾಡುತ್ತವೆ. ನಲವತ್ತು ದಾಟಿದವರಿಗೆ ಇದರ ಕಾಟ ಚೆನ್ನಾಗಿ ಗೊತ್ತು. ಎರಡು ಕಣ್ಣು ಸೇರಿದಾಗ ಒಂದರ ಎಳೆಯನ್ನು ಇನ್ನೊಂದು ಮರೆಸುತ್ತದೆ. ಒಂದು ಕಣ್ಣು ಮುಚ್ಚಿ ಹಿಡಿಯುವ ಆಯಾಸವೂ ಇಲ್ಲ. ಐದು ನಿಮಿಷ ನೋಡುತ್ತಿದ್ದವರು ನಲವತ್ತು ನಿಮಿಷ ಕೂರುತ್ತಾರೆ. ಗ್ರಹ ವೀಕ್ಷಣೆಯಲ್ಲಿ ಗಾಳಿ ತಿಳಿಯಾಗುವ ಆ ಎರಡು-ಮೂರು ಸೆಕೆಂಡಿಗಾಗಿ ಕಾದು ಕೂತವರಿಗೇ ವಿವರ ಸಿಗುವುದು. ನಮ್ಮ ಅಕ್ಷಾಂಶದಲ್ಲಿ ಚಂದ್ರ ಮತ್ತು ಗ್ರಹಗಳು ನೆತ್ತಿಯ ಹತ್ತಿರ ಹಾಯುತ್ತವೆ, ದಟ್ಟ ಗಾಳಿಯ ಅಡ್ಡಿ ಕಡಿಮೆ. ಯುರೋಪಿನ ವೀಕ್ಷಕರಿಗೆ ಅಪರೂಪವಾದ ಎತ್ತರ ನಮಗೆ ಮನೆಯಂಗಳದಲ್ಲೇ ಸಿಗುತ್ತದೆ. ಅದನ್ನು ಬಳಸಿಕೊಳ್ಳಬೇಕು.

ಏನನ್ನು ಅಳೆಯಬೇಕು

ಆಯ್ಕೆಗಳನ್ನು ತೂಗುವ ಮೊದಲು ತಕ್ಕಡಿ ಸರಿಯಿರಬೇಕು. ನಾನು ನೋಡುವ ಅಂಶಗಳು ಆರು. ನಿಮ್ಮ ದೂರದರ್ಶಕದಲ್ಲಿ ಅದು ಫೋಕಸ್‌ಗೆ ಬರುತ್ತದೆಯೇ. ನೀವು ಹೆಚ್ಚಾಗಿ ನೋಡುವುದು ಏನನ್ನು. ಅರ್ಧ ಬೆಳಕು ಬಿಟ್ಟುಕೊಡಲು ತಯಾರಿದ್ದೀರಾ. ನಿಮ್ಮ ಎರಡು ಕಣ್ಣುಗಳು ಜೊತೆಯಾಗಿ ಕೆಲಸ ಮಾಡುತ್ತವೆಯೇ. ಒಬ್ಬರೇ ನೋಡುತ್ತೀರೋ, ಸಾಲಿನಲ್ಲಿ ಜನರಿಗೆ ತೋರಿಸುತ್ತೀರೋ. ಕೊನೆಯದಾಗಿ ಒಟ್ಟು ಖರ್ಚು. ಬಹಳ ಮಂದಿ ಕೊನೆಯದರಿಂದ ಶುರುಮಾಡುತ್ತಾರೆ. ನಾನೂ ಹಾಗೆಯೇ ಮಾಡಿ ಮೊದಲ ಬೈನೋವ್ಯೂಯರನ್ನು ನಾಲ್ಕು ತಿಂಗಳು ಪೆಟ್ಟಿಗೆಯಲ್ಲಿ ಇಟ್ಟಿದ್ದೆ, ಏಕೆಂದರೆ ನನ್ನ ಡಾಬ್ಸೋನಿಯನ್‌ನಲ್ಲಿ ಅದು ಫೋಕಸ್‌ಗೇ ಬರಲಿಲ್ಲ. ಮಾರಿದವರು ಯಾವ ದೂರದರ್ಶಕಕ್ಕೆ ಎಂದು ಕೇಳಿರಲಿಲ್ಲ, ನನಗೂ ಹೇಳಬೇಕೆಂದು ಗೊತ್ತಿರಲಿಲ್ಲ.

ಆದ್ದರಿಂದ ಫೋಕಸ್ ವಿಷಯವನ್ನು ಬಿಡಿಸಿ ಹೇಳುತ್ತೇನೆ. ಬೈನೋವ್ಯೂಯರಿನ ಒಳಗೆ ಬೆಳಕು ತಿರುಗಿ ತಿರುಗಿ ಸುಮಾರು 100ರಿಂದ 130 ಮಿ.ಮೀ. ದಾರಿ ಸಾಗುತ್ತದೆ. ಅಂದರೆ ನಿಮ್ಮ ದೂರದರ್ಶಕದ ಬಿಂಬ ಫೋಕಸರಿನ (ಐಪೀಸ್ ಕೂರುವ, ಒಳಗೆ-ಹೊರಗೆ ಸರಿಯುವ ಕೊಳವೆ) ಬಾಯಿಂದ ಅಷ್ಟು ಹೊರಗೆ ಮೂಡಬೇಕು. ಡಾಬ್ಸೋನಿಯನ್ ಕೂಡ ಸೇರುವ ನ್ಯೂಟೋನಿಯನ್ ಜಾತಿಯ ಕನ್ನಡಿ ದೂರದರ್ಶಕಗಳಲ್ಲಿ ಅದು ಸಾಮಾನ್ಯವಾಗಿ ಕೆಲವೇ ಸೆಂಟಿಮೀಟರ್ ಹೊರಗೆ ಮೂಡುತ್ತದೆ. ನಿಮ್ಮದರಲ್ಲಿ ಎಷ್ಟು ಎಂದು ಅಳೆಯಲು ಒಂದು ರಾತ್ರಿ, ಒಂದು ಅಳತೆಪಟ್ಟಿ, ಬೆಣ್ಣೆ ಕಾಗದದ ಒಂದು ತುಂಡು ಸಾಕು. ಐಪೀಸ್ ತೆಗೆದು ಫೋಕಸರನ್ನು ಪೂರ್ತಿ ಒಳಕ್ಕೆ ತಿರುಗಿಸಿ. ದೂರದರ್ಶಕವನ್ನು ಚಂದ್ರನತ್ತ ತಿರುಗಿಸಿ ಕಾಗದವನ್ನು ಫೋಕಸರಿನ ಬಾಯಿಯ ಮುಂದೆ ಹಿಡಿದು ಹಿಂದೆ-ಮುಂದೆ ಸರಿಸಿ. ಮಸುಕಾದ ಬೆಳಕಿನ ಬಿಲ್ಲೆ ಕುಗ್ಗುತ್ತ ಒಂದು ಜಾಗದಲ್ಲಿ ಪುಟ್ಟ ಚಂದ್ರನಾಗುತ್ತದೆ, ಕಲೆಗಳೂ ಕಾಣುತ್ತವೆ. ಕಾಗದಕ್ಕೂ ಫೋಕಸರಿನ ಬಾಯಿಗೂ ಇರುವ ದೂರವನ್ನು ಬರೆದಿಟ್ಟುಕೊಳ್ಳಿ. ಈ ಒಂದು ಸಂಖ್ಯೆ ನಿಮ್ಮ ಬಳಿ ಇಲ್ಲದಿದ್ದರೆ ದಯವಿಟ್ಟು ಯಾವುದನ್ನೂ ಆರ್ಡರ್ ಮಾಡಬೇಡಿ.

ಸಂಖ್ಯೆ ಚಿಕ್ಕದಿದ್ದರೆ ಕೈಚೆಲ್ಲಬೇಕಿಲ್ಲ. ಬೈನೋವ್ಯೂಯರಿನ ಮೂತಿಗೆ ತಿರುಪುವ ಬಾರ್ಲೋ ಮಸೂರ, ಅಥವಾ ಅದೇ ಜಾತಿಯ ಗ್ಲಾಸ್‌ಪಾತ್ ಕರೆಕ್ಟರ್, ಬಿಂಬವನ್ನು ಹೊರಕ್ಕೆ ತಳ್ಳುತ್ತದೆ. ಲೆಕ್ಕ ಸರಳ. ಬೈನೋವ್ಯೂಯರಿನ ದಾರಿ 110 ಮಿ.ಮೀ., ಮಸೂರ ಬಿಂಬವನ್ನು 2.5 ಪಟ್ಟು ಹಿಗ್ಗಿಸುತ್ತದೆ ಎಂದುಕೊಳ್ಳಿ. ಆಗ ಮೂಲ ಬಿಂಬ ಮಸೂರದಿಂದ 110 ಮಿ.ಮೀ. ಆಚೆ ಮೂಡಬೇಕಿಲ್ಲ, 110 ಭಾಗಿಸು 2.5, ಅಂದರೆ 44 ಮಿ.ಮೀ. ಆಚೆ ಮೂಡಿದರೆ ಸಾಕು. ಮಸೂರ ಫೋಕಸರಿನ ಕೊಳವೆಯೊಳಗೆ ಎರಡು-ಮೂರು ಸೆಂಟಿಮೀಟರ್ ಇಳಿದು ಕೂರುವುದರಿಂದ ಹೊರಗೆ ಬೇಕಾದದ್ದು ಇನ್ನೂ ಕಡಿಮೆ. ಬಹುಪಾಲು ಡಾಬ್ಸೋನಿಯನ್‌ಗಳು ಹೀಗೆಯೇ ದಡ ಸೇರುತ್ತವೆ. ಪ್ರಧಾನ ಕನ್ನಡಿಯನ್ನು ಕೊಳವೆಯೊಳಗೆ ಮೇಲಕ್ಕೆ ಸರಿಸುವವರೂ ಇದ್ದಾರೆ. ಅದಾದ ಮೇಲೆ ನಿಮ್ಮ ಹಳೆಯ ಐಪೀಸ್‌ಗಳಿಗೆ ಉದ್ದದ ಕೊಳವೆ ಬೇಕಾದೀತು, ಹಾಗಾಗಿ ಮೊದಲ ವರ್ಷದಲ್ಲಿ ಆ ಕೆಲಸಕ್ಕೆ ಕೈ ಹಾಕಬೇಡಿ.

ಬೆಲೆ ತೆರಬೇಕಾದದ್ದು ಇನ್ನೊಂದು ಕಡೆ. ಬಾರ್ಲೋ ಬಂದರೆ ವರ್ಧನೆಯೂ ಬರುತ್ತದೆ. 1200 ಮಿ.ಮೀ. ಸಂಗಮದೂರದ ಎಂಟು ಇಂಚಿನ ಡಾಬ್ಸೋನಿಯನ್ 2.5 ಪಟ್ಟಿನಿಂದ 3000 ಮಿ.ಮೀ. ಆಗುತ್ತದೆ. 25 ಮಿ.ಮೀ. ಐಪೀಸ್ ಜೋಡಿ ಹಾಕಿದರೆ 3000 ಭಾಗಿಸು 25, ಅಂದರೆ 120 ಪಟ್ಟು. ಸಾಧಾರಣ ಪ್ಲಾಸೆಲ್ ಐಪೀಸ್‌ನ 50 ಡಿಗ್ರಿ ನೋಟವನ್ನು 120ರಿಂದ ಭಾಗಿಸಿದರೆ ಆಕಾಶದಲ್ಲಿ ಕಾಣುವ ವೃತ್ತ 0.42 ಡಿಗ್ರಿ. ಚಂದ್ರನ ಅಗಲ ಅರ್ಧ ಡಿಗ್ರಿ, ಇಡೀ ಚಂದ್ರನೂ ಹಿಡಿಸುವುದಿಲ್ಲ. ಚಾಲಕ ಮೋಟಾರಿಲ್ಲದ ಡಾಬ್ಸೋನಿಯನ್‌ನಲ್ಲಿ ವಸ್ತುವೊಂದು ಈ ವೃತ್ತವನ್ನು ದಾಟಿ ಹೋಗಲು ನೂರು ಸೆಕೆಂಡು ಸಾಕು. ಕೈಯಿಂದ ಮೆಲ್ಲಗೆ ತಳ್ಳುತ್ತಿರಬೇಕು. ಕೃತ್ತಿಕೆ, ಆಂಡ್ರೊಮಿಡಾ ಗೆಲಾಕ್ಸಿಯಂಥ ಅಗಲದ ನೋಟಗಳಿಗೆ ಈ ಜೋಡಿ ಒಗ್ಗುವುದೇ ಇಲ್ಲ.

ಇಲ್ಲಿ ಮತ್ತೊಂದು ಮಾತು. ಬಾರ್ಲೋ ಮೇಲೆ 2 ಪಟ್ಟು ಎಂದು ಬರೆದಿದ್ದರೆ ಅದು ಒಂಟಿ ಐಪೀಸ್‌ಗೆ ಹೇಳಿದ ಮಾತು. ಬಿಂಬ ದೂರ ಹೋದಷ್ಟೂ ಪಟ್ಟು ಏರುತ್ತದೆ. 70 ಮಿ.ಮೀ. ಸಂಗಮದೂರದ ಮಸೂರವಿರುವ ಗಿಡ್ಡ ಬಾರ್ಲೋವನ್ನು ಹಾಗೆಯೇ ಬೈನೋವ್ಯೂಯರಿನ ಕೆಳಗೆ ಹಾಕಿದರೆ ಅದು ಸುಮಾರು ಮೂರೂವರೆ ಪಟ್ಟಾಗುತ್ತದೆ. ಮಸೂರದ ಭಾಗವನ್ನಷ್ಟೇ ಬಿಚ್ಚಿ ಮೂತಿಗೆ ತಿರುಪಿದರೆ ಎರಡೂವರೆಯ ಆಸುಪಾಸು. ಇದನ್ನೇ ಅನುಕೂಲ ಮಾಡಿಕೊಳ್ಳಬಹುದು: ಮೂರು ಜೋಡಿ ಐಪೀಸ್ ಕೊಳ್ಳುವ ಬದಲು ಒಂದೇ ಜೋಡಿ ಇಟ್ಟುಕೊಂಡು ಮುಂದಿನ ಮಸೂರವನ್ನು ಬದಲಿಸಿ ವರ್ಧನೆ ಬದಲಿಸಿ. ನಾನು ಏಳು ವರ್ಷಗಳಿಂದ 25 ಮಿ.ಮೀ. ಪ್ಲಾಸೆಲ್‌ಗಳ ಒಂದೇ ಜೋಡಿಯಲ್ಲಿ ಮುಕ್ಕಾಲು ಪಾಲು ವೀಕ್ಷಣೆ ಮಾಡಿದ್ದೇನೆ.

ಬೆಳಕಿನ ವಿಷಯ. ಅರ್ಧ ಬೆಳಕು ಎಂದರೆ ಪ್ರತಿ ಕಣ್ಣಿಗೆ ಮುಕ್ಕಾಲು ಕಾಂತಿಮಾನದಷ್ಟು (ನಕ್ಷತ್ರಗಳ ಹೊಳಪಿನ ಅಳತೆ) ನಷ್ಟ. ಎಂಟು ಇಂಚಿನ ಕನ್ನಡಿ ಒಂದೊಂದು ಕಣ್ಣಿಗೂ ಐದೂವರೆ ಇಂಚು ಚಿಲ್ಲರೆಯ ಕನ್ನಡಿಯಾಗುತ್ತದೆ. ಎರಡು ಕಣ್ಣು ಸೇರಿದಾಗ ಮಿದುಳು ಮಂದ ವ್ಯತ್ಯಾಸಗಳನ್ನು ಸುಮಾರು 1.4 ಪಟ್ಟು ಚೆನ್ನಾಗಿ ಹಿಡಿಯುತ್ತದೆ ಎಂಬುದು ದೃಷ್ಟಿ ವಿಜ್ಞಾನದಲ್ಲಿ ಹಳೆಯ ಸಂಗತಿ, ಹಾಗಾಗಿ ನಷ್ಟದ ಒಂದು ಭಾಗ ಮರಳಿ ಬರುತ್ತದೆ. ಚಂದ್ರ, ಗುರು, ಶನಿ, ಶುಕ್ರರಲ್ಲಿ ಬೆಳಕು ಬೇಕಾದಷ್ಟಿದೆ. ಹುಣ್ಣಿಮೆಯ ಹತ್ತಿರದ ಚಂದ್ರನಿಗಂತೂ ಈ ಕಡಿತ ವರದಾನ. ಮಹಾವ್ಯಾಧನ ನೀಹಾರಿಕೆ, ನಮ್ಮ ದಕ್ಷಿಣ ದಿಗಂತದಲ್ಲಿ ಬೇಸಿಗೆಯಲ್ಲಿ ಏರುವ ಒಮೆಗಾ ಸೆಂಟಾರಿ ಕೂಡ ಎರಡು ಕಣ್ಣಿನಲ್ಲಿ ಚೆಲುವಾಗಿವೆ. ಮಸುಕಾದ ಗೆಲಾಕ್ಸಿಗಳಲ್ಲಿ ಮಾತ್ರ ಬೈನೋವ್ಯೂಯರ್ ಸೋಲುತ್ತದೆ. ಅದರ ಮೇಲೆ ಬಾರ್ಲೋ ಸೇರಿದರೆ ಇನ್ನೂ ಕಪ್ಪು.

ಕಣ್ಣು ಮತ್ತು ಜನ. ಕನ್ನಡಿಯ ಮುಂದೆ ನಿಂತು ಅಳತೆಪಟ್ಟಿ ಹಿಡಿದು ಎರಡು ಪಾಪೆಗಳ ನಡುವಿನ ದೂರ ನೋಡಿಕೊಳ್ಳಿ. ವಯಸ್ಕರಲ್ಲಿ ಅದು ಸಾಮಾನ್ಯವಾಗಿ 54ರಿಂದ 74 ಮಿ.ಮೀ. ಒಳಗಿರುತ್ತದೆ, ಬೈನೋವ್ಯೂಯರ್‌ಗಳೂ ಹೆಚ್ಚುಕಡಿಮೆ ಅದೇ ವ್ಯಾಪ್ತಿಗೆ ತಯಾರಾಗಿವೆ. ನಿಮ್ಮದು ಕಿರಿದಾಗಿದ್ದರೆ ದಪ್ಪ ಐಪೀಸ್‌ಗಳ ನಡುವೆ ಮೂಗು ಸಿಕ್ಕಿಕೊಳ್ಳುತ್ತದೆ. ಮಾಲುಗಣ್ಣು ಇರುವವರು, ಒಂದು ಕಣ್ಣಿನ ದೃಷ್ಟಿ ತೀರ ಕಡಿಮೆ ಇರುವವರು ಇದಕ್ಕೆ ಹಣ ಹಾಕುವ ಮೊದಲು ಯಾರದಾದರೂ ಉಪಕರಣದಲ್ಲಿ ನೋಡಲೇಬೇಕು. ಚಿತ್ರಗಳು ಒಂದಾಗದಿದ್ದರೆ ಲಾಭವಿಲ್ಲ. ಸಾರ್ವಜನಿಕ ವೀಕ್ಷಣೆ ನಡೆಸುವವರಿಗೆ ನನ್ನ ಸ್ಪಷ್ಟ ಅಭಿಪ್ರಾಯ: ಬೇಡ. ಪ್ರತಿಯೊಬ್ಬರಿಗೂ ಅಂತರ ಬದಲಿಸಬೇಕು, ಪುಟ್ಟ ಮಕ್ಕಳ ಕಣ್ಣಿನ ಅಂತರಕ್ಕೆ ಅದು ಇಳಿಯುವುದೇ ಇಲ್ಲ. ಮುಂದೆ ನಿಂತವರು ಎರಡು ಚಂದ್ರ ಕಾಣುತ್ತಿದೆ ಎನ್ನುತ್ತಿರುವಾಗ ಹಿಂದೆ ಮೂವತ್ತು ಮಂದಿ ಕಾಯುತ್ತಿರುತ್ತಾರೆ. ಅಲ್ಲಿ ಅಗಲ ಕಿಂಡಿಯ ಒಂದು ಒಳ್ಳೆಯ ಐಪೀಸ್‌ಗೆ ಸಾಟಿಯಿಲ್ಲ.

ಆಯ್ಕೆಗಳು, ಒಂದೊಂದಾಗಿ

ಒಂದೇ ಉತ್ತಮ ಐಪೀಸ್. ಇದನ್ನು ಹಗುರವಾಗಿ ತೆಗೆದುಹಾಕಬೇಡಿ. ನಿಮ್ಮ ಬಳಿ ದೂರದರ್ಶಕದ ಜೊತೆ ಬಂದ ಎರಡು ಐಪೀಸ್‌ಗಳಷ್ಟೇ ಇದ್ದರೆ ಮೊದಲ ಹಣ ಇಲ್ಲಿಗೇ ಹೋಗಬೇಕು. ಪೂರ್ತಿ ಬೆಳಕು, ಅಗಲ ನೋಟ, ಫೋಕಸಿನ ತಲೆನೋವಿಲ್ಲ. ಜೊತೆಗೆ ಔಷಧಿ ಅಂಗಡಿಯಲ್ಲಿ ಸಿಗುವ ಕಪ್ಪು ಕಣ್ಣುಪಟ್ಟಿ, ಎತ್ತರ ಬದಲಿಸಬಹುದಾದ ಒಂದು ಸ್ಟೂಲು. ನೋಡದ ಕಣ್ಣಿಗೆ ಪಟ್ಟಿ ಕಟ್ಟಿ, ಎರಡೂ ಕಣ್ಣು ತೆರೆದು, ಬೆನ್ನು ನೆಟ್ಟಗೆ ಕೂತು ನೋಡಿದರೆ ಬೈನೋವ್ಯೂಯರಿನ ಅರ್ಧ ಸುಖ ಬಿಡಿಗಾಸಿನಲ್ಲಿ ಸಿಕ್ಕಂತೆ. ಗೆಲಾಕ್ಸಿ, ನೀಹಾರಿಕೆಗಳ ಬೆನ್ನು ಹತ್ತಿದವರಿಗೆ ನನ್ನ ಶಿಫಾರಸು ಇದೇ, ಎಷ್ಟೇ ಹಣವಿರಲಿ.

ದೊಡ್ಡ ದುರ್ಬೀನು. 15x70, ಅಂದರೆ 15 ಪಟ್ಟು ಹಿಗ್ಗಿಸುವ, 70 ಮಿ.ಮೀ. ಮಸೂರಗಳ ದುರ್ಬೀನು ಆಕಾಶದಲ್ಲಿ ನಾಲ್ಕು ಡಿಗ್ರಿಗೂ ಹೆಚ್ಚು ಅಗಲ ತೋರಿಸುತ್ತದೆ. ಕೃತ್ತಿಕೆಯನ್ನು ಸುತ್ತಲಿನ ಕತ್ತಲಿನೊಂದಿಗೆ ಇಡಿಯಾಗಿ ನೋಡಬೇಕೆಂದರೆ, ವೃಶ್ಚಿಕದ ಬಾಲದಿಂದ ಧನುವಿನತ್ತ ಕ್ಷೀರಪಥದಲ್ಲಿ ಈಜಬೇಕೆಂದರೆ ಇದಕ್ಕಿಂತ ಒಳ್ಳೆಯದು ಸುಲಭ ಬೆಲೆಗೆ ಇಲ್ಲ. ಸಾಮಾನ್ಯವಾಗಿ ಇದು ಆರಂಭಿಕ ದರ್ಜೆಯ ಬೈನೋವ್ಯೂಯರಿಗಿಂತ ಅಗ್ಗ. ಆದರೆ ಒಂದೂಕಾಲು ಕಿಲೋ ದಾಟುವ ತೂಕವನ್ನು ಕೈಯಲ್ಲಿ ಹಿಡಿದು ನಕ್ಷತ್ರ ನೋಡಲಾಗದು. ಗಟ್ಟಿ ಸ್ಟ್ಯಾಂಡಿನ ಖರ್ಚನ್ನು ಮೊದಲೇ ಸೇರಿಸಿ. ನಮ್ಮಲ್ಲಿ ಒಳ್ಳೆಯ ವಸ್ತುಗಳು ಬಹಳಷ್ಟು ನೆತ್ತಿಯ ಹತ್ತಿರ ಇರುವುದರಿಂದ ನೇರ ನೋಟದ ದುರ್ಬೀನಿನಲ್ಲಿ ಕತ್ತು ನೋಯುತ್ತದೆ. ಒರಗು ಕುರ್ಚಿಯೊಂದಿದ್ದರೆ ಅರ್ಧ ಪರಿಹಾರ. 15 ಪಟ್ಟಿನಲ್ಲಿ ಶನಿಯ ಉಂಗುರ ಬಿಡಿಸಿ ಕಾಣುವುದಿಲ್ಲ. 45 ಅಥವಾ 90 ಡಿಗ್ರಿ ಬಾಗಿದ, ಐಪೀಸ್ ಬದಲಿಸಬಹುದಾದ ಜೋಡಿ ದೂರದರ್ಶಕಗಳೂ ಇವೆ, ಅದ್ಭುತವಾದವು. ಅವುಗಳ ಬೆಲೆಗೆ ಇನ್ನೊಂದು ದೊಡ್ಡ ಡಾಬ್ಸೋನಿಯನ್ ಬರುತ್ತದೆ.

ಆರಂಭಿಕ ದರ್ಜೆಯ ಬೈನೋವ್ಯೂಯರ್. ಹೊರದೇಶಗಳಲ್ಲಿ ಇನ್ನೂರರಿಂದ ಮುನ್ನೂರು ಡಾಲರ್ ಆಸುಪಾಸಿನವು. ವಿಲಿಯಂ ಆಪ್ಟಿಕ್ಸ್‌ನದು ಇವುಗಳಲ್ಲಿ ಹೆಚ್ಚು ಪರಿಚಿತ: 20 ಮಿ.ಮೀ. ಐಪೀಸ್ ಜೋಡಿ ಮತ್ತು 1.6 ಪಟ್ಟಿನ ಬಾರ್ಲೋ ಮೂತಿ ಪೆಟ್ಟಿಗೆಯಲ್ಲೇ ಬರುತ್ತವೆ. ಪೆಟ್ಟಿಗೆ ತೆರೆದ ರಾತ್ರಿಯೇ ನೋಡಬಹುದು, ಅದು ದೊಡ್ಡ ಅನುಕೂಲ. ಇತಿಮಿತಿ ಏನೆಂದರೆ ಒಳಗಿನ ಪ್ರಿಸಂನ ತೆರೆದ ಅಗಲ 20 ಮಿ.ಮೀ. ಸುಮಾರು. 32 ಮಿ.ಮೀ. ಪ್ಲಾಸೆಲ್‌ನ ಒಳಗಿನ ಕಿಂಡಿ 27 ಮಿ.ಮೀ. ಇರುತ್ತದೆ; ಅಂಥದ್ದನ್ನು ಹಾಕಿದರೆ ಅಂಚು ಕಪ್ಪಾಗುತ್ತದೆ. 20ರಿಂದ 25 ಮಿ.ಮೀ. ಪ್ಲಾಸೆಲ್‌ಗಳೊಂದಿಗೆ ಉಳಿದರೆ ತೊಂದರೆಯಿಲ್ಲ. ಚಂದ್ರ ಮತ್ತು ಗ್ರಹಗಳು ನೋಟದ ನಡುವೆಯೇ ಇರುವುದರಿಂದ ಅವುಗಳಿಗೆ ಈ ಕೊರತೆ ತಟ್ಟುವುದೇ ಇಲ್ಲ. ತಟ್ಟುವುದು ಐಪೀಸ್ ಹಿಡಿಯುವ ತಿರುಪು. ಒಂದೇ ಬದಿಯಿಂದ ಒತ್ತುವ ತಿರುಪು ಐಪೀಸನ್ನು ಕೂದಲೆಳೆಯಷ್ಟು ಓರೆಮಾಡಿದರೂ ಸಾಕು, ಎರಡು ಚಿತ್ರಗಳು ಕೂಡಲು ತಿಣುಕುತ್ತವೆ. 80 ಪಟ್ಟಿನಲ್ಲಿ ಕಣ್ಣು ಅದನ್ನು ಸಹಿಸಿಕೊಳ್ಳುತ್ತದೆ, 200 ಪಟ್ಟಿನಲ್ಲಿ ಹಣೆ ನೋಯುತ್ತದೆ.

ಮಧ್ಯಮ ದರ್ಜೆ. ಬಾಡರ್ ಕಂಪನಿಯ ಮ್ಯಾಕ್ಸ್‌ಬ್ರೈಟ್ 2 ಇಲ್ಲಿನ ಮುಖ್ಯ ಹೆಸರು. ಐದುನೂರರಿಂದ ಏಳುನೂರು ಡಾಲರ್ ಮಟ್ಟದ್ದು, ಐಪೀಸ್‌ಗಳು ಬೇರೆ. ತೆರೆದ ಅಗಲ ಹೆಚ್ಚು, ಐಪೀಸನ್ನು ಸುತ್ತಲಿಂದ ಸಮನಾಗಿ ಹಿಡಿದು ನಡುವೆ ಕೂರಿಸುವ ಬಿಗಿ. ಇದಕ್ಕೆ 1.25, 1.7, 2.6 ಪಟ್ಟಿನ ಗ್ಲಾಸ್‌ಪಾತ್ ಕರೆಕ್ಟರ್‌ಗಳು ಸಿಗುತ್ತವೆ. ಇವು ಬಿಂಬವನ್ನು ಹೊರಕ್ಕೆ ತಳ್ಳುವುದಷ್ಟೇ ಅಲ್ಲದೆ, ಎಫ್/6ಕ್ಕಿಂತ ವೇಗದ (ಸಂಗಮದೂರ ಕನ್ನಡಿ ಅಥವಾ ಮಸೂರದ ಅಗಲದ ಆರು ಪಟ್ಟಿಗಿಂತ ಕಡಿಮೆ ಇರುವ) ದೂರದರ್ಶಕಗಳಲ್ಲಿ ಪ್ರಿಸಂನ ದಪ್ಪ ಗಾಜು ತಂದೊಡ್ಡುವ ಬಣ್ಣದ ಅಂಚನ್ನೂ ತಿದ್ದುತ್ತವೆ. 1.7 ಪಟ್ಟಿನಲ್ಲಿ ನಮ್ಮ ಡಾಬ್ಸೋನಿಯನ್ ಫೋಕಸ್‌ಗೆ ಬಂದುಬಿಟ್ಟರೆ 25 ಮಿ.ಮೀ. ಜೋಡಿಗೆ 82 ಪಟ್ಟು, 0.6 ಡಿಗ್ರಿ ನೋಟ. ಇಡೀ ಚಂದ್ರ ಹಿಡಿಸುತ್ತದೆ. ಆರಂಭಿಕ ದರ್ಜೆಯಿಂದ ಇಲ್ಲಿಗೆ ಹತ್ತುವುದರಲ್ಲಿ ಸಿಗುವ ನಿಜವಾದ ಲಾಭ ಹೊಳಪಿನದಲ್ಲ, ಪ್ರತಿ ಸಲ ತಕರಾರಿಲ್ಲದೆ ಚಿತ್ರಗಳು ಒಂದಾಗುವ ನೆಮ್ಮದಿಯದು. ವಾರಕ್ಕೆ ಎರಡು ರಾತ್ರಿ ಹೊರಗೆ ಕೂರುವವರಿಗೆ ಆ ಹಣ ಸಾರ್ಥಕ.

ಮೇಲಿನ ದರ್ಜೆ, ಅಂದರೆ ಬಾಡರ್ ಮಾರ್ಕ್ 5, ಡೆಂಕ್‌ಮೈಯರ್‌ನ ಬೈನೋಟ್ರಾನ್, ಸಾವಿರ ಡಾಲರ್ ದಾಟುತ್ತವೆ. ಅಗಲ ನೋಟದ ದುಬಾರಿ ಐಪೀಸ್ ಜೋಡಿಗಳು ಈಗಾಗಲೇ ನಿಮ್ಮ ಬಳಿ ಇದ್ದರೆ, ದೂರದರ್ಶಕವೂ ಆ ಮಟ್ಟದ್ದಾಗಿದ್ದರೆ ಯೋಚಿಸಿ. ಎಂಟು ಇಂಚಿನ ಡಾಬ್ಸೋನಿಯನ್ ಇರುವವರು ಆ ಹಣಕ್ಕೆ ಹನ್ನೆರಡು ಇಂಚಿನ ಕನ್ನಡಿಯತ್ತ ನೋಡುವುದು ಮೇಲು.

ದೂರದರ್ಶಕದ ಜಾತಿ

ಮ್ಯಾಕ್ಸುಟೋವ್ ಮತ್ತು ಅದೇ ಬಗೆಯ ಷ್ಮಿಟ್-ಕ್ಯಾಸೆಗ್ರೇನ್ ಇಟ್ಟುಕೊಂಡವರು ಅದೃಷ್ಟವಂತರು. ಅವುಗಳಲ್ಲಿ ಫೋಕಸ್ ಮಾಡಲು ಪ್ರಧಾನ ಕನ್ನಡಿಯೇ ಸರಿಯುತ್ತದೆ, ಬಿಂಬ ಬೇಕಾದಷ್ಟು ಹಿಂದಕ್ಕೆ ಹೋಗುತ್ತದೆ, ಬಾರ್ಲೋ ಅನಿವಾರ್ಯವಲ್ಲ. 1500 ಮಿ.ಮೀ. ಸಂಗಮದೂರದ 127 ಮಿ.ಮೀ. ಮ್ಯಾಕ್ಸುಟೋವ್ ಬೈನೋವ್ಯೂಯರ್ ಹಾಕಿದಾಗ ಕನ್ನಡಿ ಸರಿದು 1700ರ ಹತ್ತಿರ ಹೋಗುತ್ತದೆ, 25 ಮಿ.ಮೀ. ಜೋಡಿಗೆ ಎಪ್ಪತ್ತು ಪಟ್ಟು, ಮುಕ್ಕಾಲು ಡಿಗ್ರಿ ಸಮೀಪದ ನೋಟ. ಎಂಟು ಇಂಚಿನ ಷ್ಮಿಟ್-ಕ್ಯಾಸೆಗ್ರೇನ್‌ನಲ್ಲಿ ಉದ್ದನೆಯ ಎರಡು ಇಂಚಿನ ಡಯಾಗನಲ್ (ಬೆಳಕನ್ನು ಐಪೀಸ್ ಕಡೆಗೆ ಬಾಗಿಸುವ ಕನ್ನಡಿ ಅಥವಾ ಪ್ರಿಸಂ) ಬೇಡ. ಬೆಳಕಿನ ದಾರಿ ತೀರ ಉದ್ದವಾದರೆ ಕನ್ನಡಿಯ ಅಂಚಿನ ಸ್ವಲ್ಪ ಭಾಗ ನಿರುಪಯೋಗವಾಗುತ್ತದೆ.

ರಿಫ್ರಾಕ್ಟರ್‌ಗಳಲ್ಲಿ ಡಯಾಗನಲ್ಲೇ ಜಾಗ ತಿನ್ನುತ್ತದೆ: ಎರಡು ಇಂಚಿನದು ಸುಮಾರು 110 ಮಿ.ಮೀ., ಒಂದೂಕಾಲು ಇಂಚಿನದು 70ರ ಸುತ್ತ, ಟಿ2 ಎಂಬ ತಿರುಪಿನಿಂದ ಕೂರುವ ಗಿಡ್ಡ ಪ್ರಿಸಂ 40ರ ಸುತ್ತ. ಗಿಡ್ಡ ಪ್ರಿಸಂ ಹಾಕಿ ಬಾರ್ಲೋ ಇಲ್ಲದೆ ಫೋಕಸ್‌ಗೆ ಬಂದರೆ 480 ಮಿ.ಮೀ. ಸಂಗಮದೂರದ ಚಿಕ್ಕ ಕೊಳವೆ 19 ಪಟ್ಟಿನಲ್ಲಿ ಎರಡೂವರೆ ಡಿಗ್ರಿ ತೋರಿಸುತ್ತದೆ, ಕೃತ್ತಿಕೆ ಇಡಿಯಾಗಿ. ಎಲ್ಲ ರಿಫ್ರಾಕ್ಟರ್‌ಗಳೂ ಹೀಗೆ ಬರುವುದಿಲ್ಲ. ಬೆಣ್ಣೆ ಕಾಗದದ ಪರೀಕ್ಷೆಯನ್ನು ಇಲ್ಲಿಯೂ ಮಾಡಿ.

ಸೂರ್ಯನನ್ನು ನೋಡುವವರಿಗೆ ಬೈನೋವ್ಯೂಯರ್ ಬಹಳ ಒಪ್ಪುತ್ತದೆ, ಬೆಳಕಿಗೆ ಬರವಿಲ್ಲ. ಆದರೆ ಸೂರ್ಯನ ಬೆಳಕನ್ನು ತಡೆಯುವ ಶೋಧಕ (ಸೋಲಾರ್ ಫಿಲ್ಟರ್) ಯಾವಾಗಲೂ ದೂರದರ್ಶಕದ ಮುಂದಿನ ಬಾಯಿಗೆ, ಪೂರ್ತಿ ಮುಚ್ಚುವಂತೆ, ಗಾಳಿಗೆ ಹಾರದಂತೆ ಬಿಗಿದಿರಬೇಕು. ಐಪೀಸ್ ಬದಿಗೆ ತಿರುಪುವ ಕಪ್ಪು ಗಾಜುಗಳನ್ನು ನಂಬಬೇಡಿ. ಅವು ಬಿಸಿಗೆ ಒಡೆಯುತ್ತವೆ. ಇಲ್ಲಿ ಪಣಕ್ಕಿರುವುದು ಎರಡು ಕಣ್ಣು.

ಖರ್ಚು

ಜಾಹೀರಾತಿನ ಬೆಲೆ ಒಟ್ಟು ಖರ್ಚಲ್ಲ. ಆಮದು ಸುಂಕ, ಜಿಎಸ್‌ಟಿ, ಸಾಗಣೆ, ಎರಡನೆಯ ಐಪೀಸ್, ಬಾರ್ಲೋ ಅಥವಾ ಕರೆಕ್ಟರ್, ಜೊತೆಗೆ ಕೊಳವೆಯ ತಲೆಗೆ ಬೀಳುವ ಮುಕ್ಕಾಲು ಕಿಲೋ ಹೊರೆಗೆ ಎದುರು ತೂಕ. ನಿಮ್ಮ ಬಳಿ ಇರುವ 25 ಮಿ.ಮೀ. ಐಪೀಸ್‌ಗೆ ಜೋಡಿ ಕೊಳ್ಳುವಾಗ ಅದೇ ಕಂಪನಿಯ ಅದೇ ಮಾದರಿಯನ್ನೇ ಕೊಳ್ಳಿ. ಎರಡರ ಸಂಗಮದೂರ ಸ್ವಲ್ಪ ಬೇರೆಯಾದರೂ ಚಿತ್ರಗಳ ಗಾತ್ರ ಬೇರೆಯಾಗುತ್ತದೆ. 10 ಮಿ.ಮೀ. ಪ್ಲಾಸೆಲ್ ಜೋಡಿ ಬೇಡ: ಕಣ್ಣನ್ನು ಗಾಜಿಗೆ ಏಳು ಮಿಲಿಮೀಟರ್ ಹತ್ತಿರ ತರಬೇಕು, ರೆಪ್ಪೆ ತಗುಲುತ್ತದೆ. 25ರಲ್ಲಿ ಹದಿನೇಳು ಮಿಲಿಮೀಟರ್ ಸಿಗುತ್ತದೆ. ಮಲೆನಾಡು, ಕರಾವಳಿಯವರು ಗಾಳಿಯಾಡದ ಡಬ್ಬಿ ಮತ್ತು ಸಿಲಿಕಾ ಜೆಲ್ ಅನ್ನೂ ಪಟ್ಟಿಗೆ ಸೇರಿಸಿ. ನಾಲ್ಕು ತಿಂಗಳ ಮಳೆಯಲ್ಲಿ ಪ್ರಿಸಂ ಮೇಲೆ ಬೂಷ್ಟು ಕಟ್ಟಿದರೆ ಬಿಚ್ಚಿ ಒರೆಸಿಕೊಳ್ಳುವ ವಸ್ತು ಇದಲ್ಲ. ಬಿಚ್ಚಿದರೆ ಹೊಂದಾಣಿಕೆ ಹೋಗುತ್ತದೆ.

ಈಗ ಆ ಮೂವರಿಗೆ. ಬೆಂಗಳೂರಿನವರೇ, ನಿಮಗೆ ಅನುಮಾನ ಬೇಡ. ನಗರದ ಬೆಳಕಿನಲ್ಲಿ ಗೆಲಾಕ್ಸಿಗಳು ಹೇಗೂ ಇಲ್ಲ, ನಿಮ್ಮ ಆಕಾಶ ಚಂದ್ರ ಮತ್ತು ಗ್ರಹಗಳದು, ನಿಮ್ಮ ಮ್ಯಾಕ್ಸುಟೋವ್ ಬೈನೋವ್ಯೂಯರಿಗೆ ಹೇಳಿ ಮಾಡಿಸಿದ್ದು. ಆರಂಭಿಕ ದರ್ಜೆಯದೇ ಸಾಕು. ಸಾಗರದವರೇ, ನಿಮ್ಮ ಕತ್ತಲು ಬೆಲೆಕಟ್ಟಲಾಗದ್ದು. 15x70 ದುರ್ಬೀನು, ಗಟ್ಟಿ ಸ್ಟ್ಯಾಂಡು, ಒರಗು ಕುರ್ಚಿ ಕೊಳ್ಳಿ, ಬೈನೋವ್ಯೂಯರನ್ನು ದೊಡ್ಡ ಕೊಳವೆ ಬರುವವರೆಗೆ ಮುಂದೂಡಿ. ತುಮಕೂರಿನ ಮೇಷ್ಟ್ರೇ, ನೀವು ಎರಡು ಕೆಲಸ ಹೇಳಿದ್ದೀರಿ: ಶಾಲೆಯ ಮಕ್ಕಳಿಗೆ ತೋರಿಸುವುದು, ಮಕ್ಕಳು ಹೋದ ಮೇಲೆ ಒಬ್ಬರೇ ಕೂತು ನೋಡುವುದು. ಮಕ್ಕಳಿಗೆ ಒಂದು ಒಳ್ಳೆಯ ಐಪೀಸ್ ಮೊದಲು. ಅದಾದ ಮೇಲೆ ಕಾಗದದ ಪರೀಕ್ಷೆಯ ಸಂಖ್ಯೆ ನನಗೆ ಕಳುಹಿಸಿ. ಎರಡು ಸೆಂಟಿಮೀಟರಿಗಿಂತ ಹೆಚ್ಚಿದ್ದರೆ ಎರಡೂವರೆ ಪಟ್ಟಿನ ಬಾರ್ಲೋ ಮೂತಿಯೊಂದಿಗೆ ನಿಮ್ಮ ಡಾಬ್ಸೋನಿಯನ್ ಧೈರ್ಯವಾಗಿ ಬೈನೋವ್ಯೂಯರ್ ಹೊರುತ್ತದೆ.

ಯಾವುದನ್ನೇ ತರಿಸಿ, ಬಂದ ವಾರವೇ ಒಂದು ಪರೀಕ್ಷೆ ಮಾಡಿ. ಗುರುವನ್ನೋ ಪ್ರಕಾಶಮಾನ ನಕ್ಷತ್ರವನ್ನೋ 100 ಪಟ್ಟಿಗಿಂತ ಹೆಚ್ಚಿನ ವರ್ಧನೆಯಲ್ಲಿ ನಡುವೆ ತನ್ನಿ. ಚಿತ್ರ ಒಂದಾದ ಮೇಲೆ ತಲೆಯನ್ನು ನಿಧಾನವಾಗಿ ಹತ್ತು ಸೆಂಟಿಮೀಟರಿನಷ್ಟು ಹಿಂದಕ್ಕೆ ತೆಗೆಯಿರಿ. ಕಣ್ಣು ಸಡಿಲವಾಗುತ್ತಿದ್ದಂತೆ ಬೆಳಕಿನ ಚುಕ್ಕೆ ಎರಡಾಗಿ ಅಕ್ಕಪಕ್ಕಕ್ಕೆ ಕೊಂಚ ಸರಿದರೆ ಚಿಂತೆಯಿಲ್ಲ, ನಮ್ಮ ಕಣ್ಣು ಒಳಮುಖವಾಗಿ ತಿರುಗಿ ಅದನ್ನು ಸರಿತೂಗಿಸಿಕೊಳ್ಳುತ್ತದೆ. ಒಂದು ಮೇಲಕ್ಕೆ, ಇನ್ನೊಂದು ಕೆಳಕ್ಕೆ ಸರಿದರೆ ಐಪೀಸ್‌ಗಳನ್ನು ಅದಲುಬದಲು ಮಾಡಿ, ಬಿಗಿ ಸಡಿಲಿಸಿ ಮತ್ತೆ ಕೂರಿಸಿ ನೋಡಿ. ಆಗಲೂ ಮೇಲೆ-ಕೆಳಗೆ ಉಳಿದರೆ ಪ್ರಿಸಂ ಜರುಗಿದೆ. ಸಾಗಣೆಯ ಪೆಟ್ಟಿಗೆಯನ್ನು ಎಸೆದಿರಬೇಡಿ. ಹಿಂತಿರುಗಿಸುವ ಅವಧಿ ಮುಗಿಯುವ ಮೊದಲೇ ಅದರಲ್ಲಿಟ್ಟು ವಾಪಸು ಕಳುಹಿಸಿ.